ಆರೂಕಾಲಿಗೆ ಹುಡುಗನನ್ನು ಬಿಡಿ: ಮುಂಬಯಿಯ ನಮ್ಮ ಹೋಟೆಲ್ ಮಾಲಕರಿಗೊಂದು ಬಹಿರಂಗ ಪತ್ರ

ಗಲ್ಲಾದ ಹಿಂದೆ ಕೂತಿರುವ ಶೆಟ್ರೇ, ಪೂಜಾರ್ರೇ, ಭಟ್ರೇ, ನಾಯಕ್ರೇ, ಕಾಮತ್ರೇ, ಎಲ್ಲರಿಗೂ ನಮಸ್ಕಾರ.

ಬೆಳಗ್ಗಿನ ರಶ್ಶು ಮುಗಿದು ಹನ್ನೊಂದು ಗಂಟೆಗೆ ಸ್ವಲ್ಪ ಪುರುಸೊತ್ತು ಸಿಗುತ್ತದಲ್ಲ, ಆಗ ಓದಿ. ಪತ್ರ ಉದ್ದ ಇದೆ. ಕೊನೆಗೆ ಒಂದು ಬೇಡಿಕೆಯೂ ಇದೆ, ನಿಮ್ಮ ಹೋಟೆಲಿನ ಹುಡುಗರ ಓದಿನ ಬಗ್ಗೆ. ದುಡ್ಡು ಕೇಳುವುದಿಲ್ಲ, ಹೆದರಬೇಡಿ. ಊರಿನ ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕವೂ ನನ್ನ ಕೈಯಲ್ಲಿಲ್ಲ.

ನಾನೊಬ್ಬ ಹಳೇ ಬಾಹರ್‌ವಾಲಾ. ನಿಮಗೆ ಈ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರೂ ಓದಬಹುದು ಅಂತ ಹೇಳುತ್ತೇನೆ. ಹೋಟೆಲಿನ ಒಳಗೆ ಬಡಿಸುವವನು ವೈಟರ್. ಚಾ ತಿಂಡಿ ಹಿಡಿದುಕೊಂಡು ಹೊರಗೆ ಆಫೀಸು ಆಫೀಸು ಸುತ್ತುವ ಹುಡುಗ ಬಾಹರ್‌ವಾಲಾ. ಒಂದು ಕೈಯಲ್ಲಿ ಆರು ಗ್ಲಾಸಿನ ತಂತಿ ಸ್ಟ್ಯಾಂಡು, ಇನ್ನೊಂದು ಕೈಯಲ್ಲಿ ಕೆಟಲು. ಲಿಫ್ಟಿನಲ್ಲಿ ನಮಗೆ ಜಾಗ ಇರುತ್ತಿರಲಿಲ್ಲ. ನಾಲ್ಕು ಮಹಡಿ ಹತ್ತಿ ಇಳಿದರೂ ಚಾ ತುಳುಕಬಾರದು. ಈಗಲೂ ನನ್ನ ಹೆಂಡತಿ ಹೇಳುತ್ತಾಳೆ, ನಾನು ನೀರಿನ ಬಿಂದಿಗೆ ತಂದರೆ ಒಂದು ಹನಿ ಕೆಳಗೆ ಬೀಳುವುದಿಲ್ಲವಂತೆ.

1977ರ ಜೂನ್ ತಿಂಗಳು. ಏಳನೇ ಕ್ಲಾಸು ಪಾಸಾಗಿತ್ತು. ವಯಸ್ಸು ಹದಿಮೂರು. ಕುಂದಾಪುರದಿಂದ ಒಳಗೆ ಇರುವ ನಮ್ಮ ಹಳ್ಳಿಯಿಂದ ಊರಿನವರೊಬ್ಬರ ಜೊತೆ ಬಸ್ಸು ಹತ್ತಿದೆ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ಅಲ್ಲಿಯವರೆಗೆ ನಮಗೆಲ್ಲ ಬಸ್ಸೇ ಗತಿ. ಒಂದು ಹಗಲು, ಒಂದು ರಾತ್ರಿ, ಮೇಲೆ ಇನ್ನಷ್ಟು ಹೊತ್ತು. ಘಾಟಿಯಲ್ಲಿ ಎರಡು ಸಲ ವಾಂತಿ. ಸಯನ್‌ನಲ್ಲಿ ಇಳಿದಾಗ ಮಳೆ ಹೊಯ್ಯುತ್ತಿತ್ತು. ಇಷ್ಟು ದೂರ ಬಂದರೂ ನಮ್ಮೂರಿನ ಮಳೆಯೇ ಅಂತ ಸ್ವಲ್ಪ ಧೈರ್ಯ ಬಂತು. ಆಗ ಅದು ನಮಗೆಲ್ಲ ಬೊಂಬಾಯಿ. ಮುಂಬಯಿ ಅಂತ ಅಧಿಕೃತವಾಗಿ ಹೆಸರು ಬದಲಾದದ್ದು 1995ರಲ್ಲಿ. ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನ ಹೆಸರೂ ಮರುವರ್ಷ ಬದಲಾಯಿತು. ನನ್ನ ಬಾಯಲ್ಲಿ ಮಾತ್ರ ಇನ್ನೂ ವಿ.ಟಿ. ಅಂತಲೇ ಬರುತ್ತದೆ.

ಮುಂಬಯಿಯ ಫೋರ್ಟ್ ಏರಿಯಾದಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ಹನ್ನೆರಡು ಟೇಬಲ್ಲು. ಮೊದಲ ನಾಲ್ಕು ತಿಂಗಳು ಹಿಂದಿನ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಪ್ಲೇಟು ತೊಳೆದೆ. ಆಮೇಲೆ ಟೇಬಲ್ಲು ಒರೆಸಿದೆ. ಆಮೇಲೆ ಬಾಹರ್‌ವಾಲಾ ಆದೆ. ಅದು ನಮ್ಮ ಲೆಕ್ಕದಲ್ಲಿ ದೊಡ್ಡ ಪ್ರಮೋಶನ್ನು, ಯಾಕೆಂದರೆ ಕೈ ಒಣಗುತ್ತದೆ. ರಾತ್ರಿ ಮಲಗುವುದು ಎರಡು ಟೇಬಲ್ಲು ಜೋಡಿಸಿ ಅದರ ಮೇಲೆ. ಬೆಳಗ್ಗೆ ನಾಲ್ಕೂವರೆಗೆ ಇಡ್ಲಿ ಹಂಡೆ ಏರಿಸುವ ಹೊತ್ತಿಗೆ ಏಳಬೇಕು. ಈಗ ಊರಿನಲ್ಲಿ ನನಗೆ ಕೆಲಸವೇ ಇಲ್ಲ. ಆದರೂ ನಾಲ್ಕೂವರೆಗೆ ಕಣ್ಣು ಬಿಡುತ್ತದೆ. ಎದ್ದು ಜಗಲಿಯಲ್ಲಿ ಕೂತುಕೊಳ್ಳುತ್ತೇನೆ. ನಾಯಿ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ.

ನಮ್ಮ ಸೇಟು ನಮ್ಮ ಕಡೆಯವರೇ. ಅವರನ್ನು ದೇವರು ಅಂತ ಬರೆದರೆ ಸುಳ್ಳಾಗುತ್ತದೆ. ಒಡೆದ ಗ್ಲಾಸಿಗೆ ಸಂಬಳದಲ್ಲಿ ಹಿಡಿಯುತ್ತಿದ್ದರು. ಒಂದು ಸಲ ಕೆನ್ನೆಗೆ ಕೊಟ್ಟದ್ದೂ ಇದೆ, ಅದು ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಗಲ್ಲಾದ ಮೇಲೆ ಒಂದು ಗೋಡೆ ಗಡಿಯಾರ ಇತ್ತು. ಸಂಜೆ ಆರಾಗಿ ಹತ್ತು ಹನ್ನೆರಡು ನಿಮಿಷ ಆದರೆ ಸೇಟು ನೋಟು ಎಣಿಸುತ್ತಲೇ, ತಲೆ ಎತ್ತದೆ ಕೂಗುತ್ತಿದ್ದರು.

"ಹ್ವಾಯ್, ಗಂಟೆ ಎಷ್ಟಾಯ್ತ್ ಕಾಂತಿಲ್ಯಾ? ಹೋಗ್ ಮಾರಾಯ!"

ಹೋಗುವುದು ರಾತ್ರಿ ಶಾಲೆಗೆ. ಆರೂವರೆಗೆ ಬೆಲ್ಲು. ನಾವು ಮೂರು ಹುಡುಗರು ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು, ನಲ್ಲಿಯಲ್ಲಿ ಮುಖ ತೊಳೆದು ಓಡುತ್ತಿದ್ದೆವು. ಸೇಟು ಓದಿದ್ದು ನಾಲ್ಕನೇ ಕ್ಲಾಸು. ನಾವು ಬರುವಾಗಲೇ ಊರಿನಲ್ಲಿ ಅಮ್ಮನಿಗೆ ಮಾತು ಕೊಟ್ಟಿದ್ದರಂತೆ, ಮಾಣಿಯನ್ನು ಶಾಲೆಗೆ ಕಳಿಸುತ್ತೇನೆ ಅಂತ.

ಶಾಲೆ ಇದ್ದದ್ದು ಹಗಲು ಹೊತ್ತಿನ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ. ಹಗಲಿಗೆ ಸಣ್ಣ ಮಕ್ಕಳು, ರಾತ್ರಿಗೆ ನಾವು. ಗೋಡೆಯಲ್ಲಿ ಮರಾಠಿ ಅಕ್ಷರಮಾಲೆ, 'ಅ ಅನನಸಾಚಾ' ಅಂತ ಅನಾನಸಿನ ಚಿತ್ರ. ಬೆಂಚು ಆರೇಳು ವರ್ಷದ ಮಕ್ಕಳಿಗೆ ಮಾಡಿದ್ದು. ನಮ್ಮಲ್ಲಿ ಇಪ್ಪತ್ತೆರಡು ವರ್ಷದ, ಮೀಸೆ ಬಂದ ವೈಟರುಗಳೂ ಒಂಬತ್ತನೇ ಕ್ಲಾಸಿನಲ್ಲಿ ಇದ್ದರು. ಅವರ ಮೊಣಕಾಲು ಡೆಸ್ಕಿನ ಕೆಳಗೆ ಹೋಗುತ್ತಿರಲಿಲ್ಲ. ಅಡ್ಡ ಕೂತು ಬರೆಯುತ್ತಿದ್ದರು.

ಆ ಕ್ಲಾಸಿನ ವಾಸನೆ ಹೇಳದಿದ್ದರೆ ಏನೂ ಹೇಳಿದ ಹಾಗಾಗುವುದಿಲ್ಲ. ನಲವತ್ತು ಹುಡುಗರು, ನಲವತ್ತು ಅಂಗಿ, ಎಲ್ಲ ಅಡಿಗೆಮನೆಯಿಂದ ನೇರ ಬಂದದ್ದು. ಕಣ್ಣು ಮುಚ್ಚಿದರೂ ಪಕ್ಕದಲ್ಲಿ ಯಾರು ಕೂತರು ಅಂತ ತಿಳಿಯುತ್ತಿತ್ತು. ದೋಸೆ ಕಾವಲಿಯ ಹತ್ತಿರ ನಿಲ್ಲುವವನಿಗೆ ಸುಟ್ಟ ಎಣ್ಣೆಯ ವಾಸನೆ. ಚಟ್ನಿ ರುಬ್ಬುವವನಿಗೆ ಹಸಿಮೆಣಸು, ಅವನು ಕಣ್ಣು ಉಜ್ಜಿಕೊಂಡರೆ ಆ ದಿನದ ಪಾಠ ಮುಗಿಯಿತು ಅಂತಲೇ. ಇರಾನಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ಒಬ್ಬನಿಗೆ ಮಾತ್ರ ಬ್ರೆಡ್ಡಿನ ಘಮ, ಅವನ ಪಕ್ಕ ಕೂರಲು ಪೈಪೋಟಿ. ಮೋರಿಯ ಹುಡುಗರ ಬೆರಳ ತುದಿ ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಪೆನ್ನು ಜಾರುತ್ತಿತ್ತು. ಮೊದಲ ತಿಂಗಳು ನನ್ನ ಅಕ್ಷರ ನೋಡಿದ ಕನ್ನಡ ಮಾಸ್ತರು ಏನೂ ಹೇಳದೆ ಮರುದಿನ ಒಂದು ಪೆನ್ಸಿಲು ತಂದುಕೊಟ್ಟರು. ಅದಕ್ಕೆ ಹಿಡಿಯುವ ಜಾಗದಲ್ಲಿ ಹತ್ತಿ ನೂಲು ಸುತ್ತಿದ್ದರು.

ಮಾಸ್ತರುಗಳೂ ನಮ್ಮ ಹಾಗೇ ದಣಿದವರು. ಹಗಲು ಯಾವುದೋ ಬ್ಯಾಂಕಿನಲ್ಲಿ, ಕಂಪೆನಿಯಲ್ಲಿ ಕೆಲಸ. ಸಂಜೆ ಟೈ ಸಡಿಲ ಮಾಡಿಕೊಂಡು ಬಂದು ಬೀಜಗಣಿತ ಹೇಳಿಕೊಡುವುದು. ಗಣಿತದ ಮಾಸ್ತರಿಗೆ ನಮ್ಮ ನಾಡಿ ಗೊತ್ತಿತ್ತು. ರೈಲು ಎಷ್ಟು ವೇಗದಲ್ಲಿ ಹೋಯಿತು ಅಂತೆಲ್ಲ ಕೇಳುತ್ತಿರಲಿಲ್ಲ. ಐದು ಕಿಲೋ ಅಕ್ಕಿಗೆ ಎಷ್ಟು ಉದ್ದು, ಉದ್ದಿನ ರೇಟು ಶೇಕಡ ಹತ್ತು ಏರಿದರೆ ಸೇಟು ಇಡ್ಲಿಗೆ ಎಷ್ಟು ಪೈಸೆ ಏರಿಸಬೇಕು ಅಂತ ಕೇಳುತ್ತಿದ್ದರು. ಎಲ್ಲರ ಕೈ ಮೇಲೆ. ಭೂಗೋಳದ್ದು ಬೇರೆಯೇ ತಮಾಷೆ. ಪಠ್ಯಪುಸ್ತಕ ಮಹಾರಾಷ್ಟ್ರದ ಪುಸ್ತಕ ಸಂಸ್ಥೆ ಬಾಲಭಾರತಿಯದ್ದು, ಭಾಷೆ ಕನ್ನಡ. ಕುಂದಾಪುರದ ಹುಡುಗರು ಕನ್ನಡದಲ್ಲಿ 'ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್' ಅಂತ ಬಾಯಿಪಾಠ ಮಾಡುತ್ತಿದ್ದೆವು. ಕೊಡಚಾದ್ರಿ ಎಷ್ಟು ಎತ್ತರ ಅಂತ ಕೇಳಿದ್ದರೆ ಒಬ್ಬನಿಗೂ ಗೊತ್ತಿರಲಿಲ್ಲ!

ಇದನ್ನು ಈಗ ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಊರು, ತನ್ನ ಭಾಷೆ ಬಾರದ ಹುಡುಗರಿಗೆ ಅವರದೇ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕಿಸಿ, ಅವರದೇ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡುವುದು. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಜೊತೆಗೆ ನಮ್ಮ ಕನ್ನಡ. ನಾನು ಮುಂಬಯಿಯನ್ನು ನೆನೆಸಿಕೊಂಡಾಗ ಗೇಟ್‌ವೇ ಕಣ್ಣಿಗೆ ಬರುವುದಿಲ್ಲ. ಆ ಅನಾನಸಿನ ಚಿತ್ರ ಬರುತ್ತದೆ.

ಒಂಬತ್ತೂವರೆಗೆ ಶಾಲೆ ಬಿಡುತ್ತಿತ್ತು. ಅಷ್ಟು ಹೊತ್ತಿಗೆ ಫೋರ್ಟ್ ನಮ್ಮದೇ. ಹಗಲು ಕಾಲಿಡಲು ಜಾಗ ಇಲ್ಲದ ರಸ್ತೆಗಳಲ್ಲಿ ರಾತ್ರಿ ನಾಯಿಯೂ ಇರುತ್ತಿರಲಿಲ್ಲ. ರಾಜಾಬಾಯಿ ಟವರಿನ ಗಂಟೆ ಆಗ ಸ್ಪಷ್ಟ ಕೇಳುತ್ತಿತ್ತು. ದಲಾಲ್ ಸ್ಟ್ರೀಟಿನಲ್ಲಿ ಷೇರು ಪೇಟೆಯ ಎತ್ತರದ ಕಟ್ಟಡ ಏಳುತ್ತಿದ್ದ ಕಾಲ. ಟೌನ್‌ಹಾಲಿನ ಅಗಲ ಮೆಟ್ಟಿಲಿನ ಮೇಲೆ ಹತ್ತು ನಿಮಿಷ ಕೂತು, ನಾಳೆಯ ಪದ್ಯ ಒಬ್ಬರಿಗೊಬ್ಬರು ಒಪ್ಪಿಸಿ, ಹೋಟೆಲಿಗೆ ಓಡುತ್ತಿದ್ದೆವು. ನೆಲ ತೊಳೆಯುವುದು ಬಾಕಿ ಇರುತ್ತಿತ್ತಲ್ಲ.

ಭಾನುವಾರ ಮಧ್ಯಾಹ್ನ ಮೇಲೆ ರಜೆ. ಮೊದಲ ವರ್ಷ ಅಳು ಬಂದಾಗೆಲ್ಲ ಮರೀನ್ ಡ್ರೈವಿಗೆ ನಡೆದು ಹೋಗುತ್ತಿದ್ದೆ. ಕಟ್ಟೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತರೆ ಎಡಗೈ ಕಡೆ ದಕ್ಷಿಣ. ಹೀಗೇ ಎಡಕ್ಕೆ, ದಡ ಹಿಡಿದು ಹೋಗುತ್ತಾ ಇದ್ದರೆ ಕುಂದಾಪುರದ ಪಕ್ಕದ ಗಂಗೊಳ್ಳಿ ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಅದೇ ನೀರು, ಅದೇ ಕಡೆ ಸೂರ್ಯ ಮುಳುಗುವುದು. ಈಗ ಗಂಗೊಳ್ಳಿಯ ಹತ್ತಿರ ಸಮುದ್ರಕ್ಕೆ ಹೋದರೆ ಬಲಗೈ ಕಡೆ ನೋಡುತ್ತೇನೆ. ಮೊಮ್ಮಗಳು "ಅಜ್ಜ, ಆ ಕಡೆ ಎಂಥ ಇದೆ?" ಅಂತ ಕೇಳಿದರೆ, ನಿಮ್ಮನೆ ಇದೆ ಅನ್ನುತ್ತೇನೆ.

ಸೇಟು ನಮ್ಮನ್ನು ಬಿಟ್ಟದ್ದರ ಹಿಂದೆ ಒಂದು ಲೆಕ್ಕವೂ ಇತ್ತು. ದೊಡ್ಡವನಾದ ಮೇಲೆ ಅದು ನನಗೆ ಹೊಳೆಯಿತು. ಫೋರ್ಟು ಆಫೀಸಿನ ಏರಿಯಾ. ಸಂಜೆ ಆರು ದಾಟಿದರೆ ಜನ ಎಲ್ಲ ಚರ್ಚ್‌ಗೇಟಿಗೋ ವಿ.ಟಿ.ಗೋ ಓಡುತ್ತಾರೆ. ಗಿರಾಕಿ ಕಡಿಮೆ. ಬಾಹರ್‌ವಾಲಾನಿಗಂತೂ ಕೆಲಸವೇ ಇಲ್ಲ. ಹುಡುಗನನ್ನು ಮೂರು ಗಂಟೆ ಬಿಟ್ಟರೆ ನಷ್ಟ ಇರಲಿಲ್ಲ. ಫೋರ್ಟಿನಲ್ಲಿ ನಮ್ಮವರ ರಾತ್ರಿ ಶಾಲೆಗಳು ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಇದನ್ನು ಹೇಳಿ ನಮ್ಮ ಸೇಟುವನ್ನು ಸಣ್ಣವರಾಗಿ ಮಾಡುತ್ತಿಲ್ಲ. ಲೆಕ್ಕ ಕೂಡಿ ಬಂದರೂ ಬಿಡದವರು ಅದೇ ಬೀದಿಯಲ್ಲಿ ಇದ್ದರು. ನಿಮ್ಮ ಹತ್ತಿರ ಕೇಳಲು ಬಂದಾಗ ನೀವು ಹೇಳುವ ಮೊದಲ ಮಾತು ನನಗೆ ಗೊತ್ತು. "ಮಾರಾಯ್ರೇ, ಸಂಜೆ ಆರರಿಂದ ಒಂಬತ್ತು ನಮಗೆ ಮೇನ್ ಟೈಮು." ಅದಕ್ಕೇ ಈ ಲೆಕ್ಕ ಮೊದಲೇ ಇಟ್ಟೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

1980ರಲ್ಲಿ ಎಸ್ಸೆಸ್ಸಿ, ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ ಬರೆದೆ. ಇಂಗ್ಲಿಷಿನಲ್ಲಿ ಹೋಯಿತು. ಮರುವರ್ಷ ಪಾಸು. ಚಾ ಕೊಡಲು ಹೋಗುತ್ತಿದ್ದ ಬಲ್ಲಾರ್ಡ್ ಎಸ್ಟೇಟಿನ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲೇ ಪ್ಯೂನ್ ಆಗಿ ಸೇರಿಕೊಂಡೆ. ಅಲ್ಲಿನ ಪಾರ್ಸಿ ಹೆಡ್‌ಕ್ಲಾರ್ಕಿಗೆ ನಾನು ಚಾ ತುಳುಕಿಸದೆ ಇಡುವುದು ಇಷ್ಟ. ಫೈಲೂ ಹಾಗೇ ಇಡುತ್ತಾನೆ ಅಂತ ಯಜಮಾನರಿಗೆ ಹೇಳಿದರಂತೆ. ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಕ್ಲಾರ್ಕ್ ಆದೆ, ಕೊನೆಗೆ ಅಕೌಂಟ್ಸ್ ನೋಡಿಕೊಂಡೆ. ಮದುವೆ, ಡೊಂಬಿವಲಿಯಲ್ಲಿ ಒಂದು ರೂಮು ಒಂದು ಅಡಿಗೆಮನೆಯ ಮನೆ, ಇಬ್ಬರು ಮಕ್ಕಳು. ಇದೆಲ್ಲ ಎಲ್ಲರ ಕತೆಯೇ, ಬಿಡಿ.

ಆದರೆ ಡೊಂಬಿವಲಿ ಲೋಕಲ್ಲಿನ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ದಿನಕ್ಕೆ ಹೋಗಿ ಬರಲು ಹೆಚ್ಚು ಕಡಿಮೆ ನೂರು ಕಿಲೋಮೀಟರು, ವರ್ಷಗಟ್ಟಲೆ. ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡುವುದು ಆ ರೈಲಿನ ಕಾನೂನು, ಎಲ್ಲೂ ಬರೆದಿಟ್ಟಿಲ್ಲ. 'ಚೌಥಾ ಸೀಟ್' ಅಂದರೆ ಅರ್ಧ ಕುಂಡೆ ಒಳಗೆ, ಅರ್ಧ ಹೊರಗೆ. ನಮ್ಮ ಡಬ್ಬಿಯಲ್ಲಿ ಒಬ್ಬ ಗುಜರಾತಿ, ಇಬ್ಬರು ಮರಾಠಿಯವರು, ಒಬ್ಬ ತಮಿಳಿನವರು, ನಾನು. ಥಾಣೆ ಸ್ಟೇಷನ್ನು ಬಂದ ಕೂಡಲೇ ಕೂತವರು ಎದ್ದು, ನಿಂತವರಿಗೆ ಜಾಗ ಬಿಡುವುದು, ಯಾರೂ ಕೇಳಬೇಕಾಗಿರಲಿಲ್ಲ. ದಸರೆಯ ಹಿಂದಿನ ದಿನ ಡಬ್ಬಿಗೆ ಹೂವಿನ ಮಾಲೆ, ಮಾವಿನ ತೋರಣ, ಪೂಜೆ, ಪೇಡೆ. ಕುಂದಾಪುರದಲ್ಲಿ ಬಸ್ಸಿಗೆ ಆಯುಧಪೂಜೆ ಮಾಡುವುದು ಡ್ರೈವರು ಕಂಡಕ್ಟರು. ಮುಂಬಯಿಯಲ್ಲಿ ಪ್ರಯಾಣಿಕರೇ ಮಾಡುತ್ತಾರೆ. ನನಗೆ ಮರಾಠಿ ಬಂದದ್ದು ಆ ಡಬ್ಬಿಯಲ್ಲಿ, ಪುಸ್ತಕದಿಂದಲ್ಲ. ಬೈಗುಳ ಮೊದಲು ಬಂತು, ಅಭಂಗ ಆಮೇಲೆ.

ಎಲ್ಲ ಚಂದವೇ ಇತ್ತು ಅಂತ ಹೇಳುತ್ತಿಲ್ಲ. ನಾನು ಬರುವ ಮುಂಚೆ, 60ರ ದಶಕದ ಕೊನೆಯಲ್ಲಿ, ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು. ನಮ್ಮ ಸೇಟು ಆ ಕತೆ ಹೇಳುವಾಗ ಧ್ವನಿ ತಗ್ಗಿಸುತ್ತಿದ್ದರು. ಶಟರು ಎಳೆದು ಒಳಗೆ ಕತ್ತಲಲ್ಲಿ ಕೂತಿದ್ದರಂತೆ, ಹೊರಗೆ ಗಾಜು ಒಡೆಯುವ ಸದ್ದು. ನಮ್ಮನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ 'ಮದ್ರಾಸಿ' ಅನ್ನುತ್ತಿದ್ದರು. ನನಗೂ ಆ ಹೆಸರು ಬಹಳ ವರ್ಷ ಅಂಟಿಕೊಂಡಿತ್ತು. ಕುಂದಾಪುರ ಎಲ್ಲಿ, ಮದ್ರಾಸು ಎಲ್ಲಿ! ಇದನ್ನು ಯಾಕೆ ನೆನಪು ಮಾಡುತ್ತಿದ್ದೇನೆ ಅಂದರೆ, ಈಗ ನಿಮ್ಮ ಕೆಲವು ಹೋಟೆಲುಗಳಲ್ಲಿ ನಮ್ಮವರ ಬಾಯಲ್ಲೇ ಉತ್ತರದ ಕಡೆಯ ಹುಡುಗರಿಗೆ 'ಈ ಭಯ್ಯಾಗಳು' ಅನ್ನುವ ಮಾತು ಕೇಳಿದ್ದೇನೆ. ಅದೇ ಗಂಟು, ಬೇರೆ ಜನ.

ಇನ್ನೊಂದು ರಾತ್ರಿ ಹೇಳಬೇಕು. 2005ರ ಜುಲೈ 26. ಅವತ್ತು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಕೊಲಾಬಾದಲ್ಲಿ ಬಿದ್ದದ್ದು ಬರೀ 73. ಹಾಗಾಗಿ ಬಲ್ಲಾರ್ಡ್ ಎಸ್ಟೇಟಿನ ಆಫೀಸಿನಲ್ಲಿ ಕೂತ ನಮಗೆ ಏನೂ ಗೊತ್ತಾಗಲಿಲ್ಲ. ಮಾಮೂಲಿ ಮಳೆ ಅಂತ ರೈಲು ಹತ್ತಿದೆ. ಸಯನ್ ದಾಟಿದ್ದಷ್ಟೇ, ಗಾಡಿ ನಿಂತಿತು. ಎರಡು ಗಂಟೆ ಕೂತೆವು. ಆಮೇಲೆ ಒಬ್ಬೊಬ್ಬರೇ ಇಳಿದು ಹಳಿಯ ಮೇಲೆ ಹಿಂದಕ್ಕೆ ನಡೆದೆವು. ಸೊಂಟದವರೆಗೆ ನೀರು, ಬ್ಯಾಗು ತಲೆಯ ಮೇಲೆ. ಫೋನು ಹತ್ತುತ್ತಿರಲಿಲ್ಲ.

ಸಯನ್‌ನಲ್ಲಿ ಒಂದು ಉಡುಪಿ ಹೋಟೆಲಿನ ಶಟರು ತೆರೆದೇ ಇತ್ತು. ಒಳಗೆ ಕರೆಂಟಿಲ್ಲ, ಮೇಣದ ಬತ್ತಿ. ಇದ್ದ ಇಡ್ಲಿ, ಉಪ್ಪಿಟ್ಟು ಎಲ್ಲ ಖಾಲಿ ಆಗುವವರೆಗೆ ಮಾಲಕರು ಬಂದವರಿಗೆಲ್ಲ ಕೊಟ್ಟರು. ಗಲ್ಲಾದ ಡ್ರಾಯರು ಮುಚ್ಚಿ ಬೀಗ ಹಾಕಿಬಿಟ್ಟಿದ್ದರು, ಯಾರಾದರೂ ದುಡ್ಡು ಕೊಡಲು ಹೋದರೆ ಬೀಗ ತೋರಿಸುತ್ತಿದ್ದರು. ಅವರು ನಿಮ್ಮಲ್ಲೇ ಒಬ್ಬರು. ಈ ಪತ್ರ ಅವರೂ ಓದಬಹುದು. ರಾತ್ರಿ ಎರಡು ಗಂಟೆ ಇರಬೇಕು, ಟೇಬಲ್ಲಿನ ಮೇಲೆ ತಲೆ ಇಟ್ಟು ತೂಕಡಿಸುತ್ತಿದ್ದೆ. ಯಾರೋ ಭುಜ ಮುಟ್ಟಿದರು. ಹದಿನಾರು ಹದಿನೇಳರ ಹುಡುಗ. ಕೈಯಲ್ಲಿ ತಂತಿ ಸ್ಟ್ಯಾಂಡು, ಆರು ಗ್ಲಾಸು. "ಚಾಯ್ ಲೇಲೋ ಸಾಬ್." ಹೊರಗಿನ ಫುಟ್‌ಪಾತಿನಲ್ಲಿ ನಿಂತವರಿಗೂ ನೀರಿನಲ್ಲಿ ನಡೆದು ಹೋಗಿ ಕೊಟ್ಟು ಬರುತ್ತಿದ್ದ. ಬಿಹಾರದ ಮಧುಬನಿ ಕಡೆಯವನಂತೆ. ಎಷ್ಟು ಓದಿದ್ದೀಯ ಅಂತ ಕೇಳಿದೆ, ಅಭ್ಯಾಸ ಬಲ. ಆರನೆಯದು ಅಂದ. ಗ್ಲಾಸು ತೆಗೆದುಕೊಳ್ಳುವಾಗ ಅವನ ಬೆರಳು ನೋಡಿದೆ. ತುದಿ ಬೆಳ್ಳಗೆ, ಸುಕ್ಕು.

ಆವತ್ತು ನನಗೆ ನಲವತ್ತೊಂದು ವರ್ಷ. ಅವನಿಗೆ ಏನೂ ಮಾಡಲಿಲ್ಲ. ಬೆಳಗಾದ ಮೇಲೆ ಡೊಂಬಿವಲಿಗೆ ಹೇಗೆ ಮುಟ್ಟುವುದು ಅನ್ನುವುದೇ ತಲೆಯಲ್ಲಿ. ಮತ್ತೆ ಆ ಕಡೆ ಹೋಗಬೇಕು ಅಂದುಕೊಂಡೆ, ಹೋಗಲೂ ಇಲ್ಲ.

ನಮ್ಮೂರಿನ ಮಾಣಿಗಳು ಮುಂಬಯಿಗೆ ಬರುವುದು ನಿಂತು ಹೋಗಿದೆ. ಅದು ಒಳ್ಳೆಯದೇ. ಊರಿನಲ್ಲೇ ಹೈಸ್ಕೂಲು, ಕಾಲೇಜು ಇದೆ. ಹದಿಮೂರಕ್ಕೆ ಪ್ಲೇಟು ತೊಳೆಯುವ ಗತಿ ನನ್ನ ಮಕ್ಕಳಿಗೂ ಬೇಡ, ಯಾರ ಮಕ್ಕಳಿಗೂ ಬೇಡ. 14 ವರ್ಷದ ಒಳಗಿನವರನ್ನು ಹೋಟೆಲಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ 2006ರಲ್ಲೇ ಕಾನೂನು ಬಂದಿದೆ. ಆ ಕಾಲವೇ ಚೆನ್ನಾಗಿತ್ತು ಅಂತ ಹೇಳುವ ಮುದುಕ ನಾನಲ್ಲ. ಆದರೆ ಮಾಣಿಗಳ ಜೊತೆ ರಾತ್ರಿ ಶಾಲೆಗಳೂ ಒಂದೊಂದೇ ಖಾಲಿಯಾದವು. ನಾನು ಕಲಿತ ಶಾಲೆಯೂ ಈಗ ಇಲ್ಲ. ಯಾರನ್ನೂ ದೂರುವುದಿಲ್ಲ. ಹುಡುಗರು ಇಲ್ಲದಿದ್ದರೆ ಬೆಲ್ಲು ಹೊಡೆದು ಏನು ಮಾಡುವುದು?

ನಿಮ್ಮ ಅಡಿಗೆಮನೆ ಮಾತ್ರ ಖಾಲಿ ಆಗಿಲ್ಲ ಅಲ್ವಾ? ಝಾರ್ಖಂಡು, ಒಡಿಶಾ, ಬಿಹಾರ, ಯು.ಪಿ., ನೇಪಾಳದ ಹುಡುಗರು ಇದ್ದಾರೆ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ದೋಸೆ ಹುಯ್ಯುವವನೂ ಈಗ ಅವನೇ. ಮೈಸೂರಿನವರಿಗೇ ಗುರುತು ಸಿಗದ ನಿಮ್ಮ 'ಮೈಸೂರು ಮಸಾಲೆ'ಯನ್ನು ಗಿರಿಡೀಹ್‌ನ ಹುಡುಗ ಎಷ್ಟು ಚಂದ ಮಾಡುತ್ತಾನೆ! ಹೋದ ಸಲ ಮಗಳ ಮನೆಗೆ ಬಂದಾಗ ಉಪನಗರದ ಒಂದು ಹೋಟೆಲಿಗೆ ಹೋಗಿದ್ದೆ. ನಾವು ಆರು ಜನ, ಹದಿನಾಲ್ಕು ಐಟಮ್ಮು. ವೈಟರ್ ಹುಡುಗ ಚೀಟಿ ನೋಡದೆ, ಬಾಯಲ್ಲೇ ಕೂಡಿಸಿ ಮೊತ್ತ ಹೇಳಿದ. ಕೌಂಟರಿನ ಮೆಷಿನ್ನು ಆಮೇಲೆ ಅದನ್ನೇ ಹೇಳಿತು. ಎಂಟನೇ ಕ್ಲಾಸು ಬಿಟ್ಟವನು. ಓದುವ ಮನಸ್ಸಿದೆಯಾ ಅಂತ ಕೇಳಿದೆ. "ಟೈಮ್ ಕಹಾಂ ಹೈ ಅಂಕಲ್" ಅಂತ ನಕ್ಕ. ಮಧ್ಯಾಹ್ನ ಮೂರರಿಂದ ಐದೂವರೆ ಏನು ಮಾಡುತ್ತೀಯ ಅಂದೆ. ಮಾಳಿಗೆಯಲ್ಲಿ ಮಲಗಿ ಮೊಬೈಲು ನೋಡುತ್ತಾನಂತೆ. ನಮ್ಮ ಕಾಲದಲ್ಲಿ ಮೊಬೈಲು ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಈಗ ನನ್ನ ಬೇಡಿಕೆ. ಫೋರ್ಟು, ಬಲ್ಲಾರ್ಡ್ ಎಸ್ಟೇಟು, ನರಿಮನ್ ಪಾಯಿಂಟು ಕಡೆ ಆಫೀಸಿನ ಗಿರಾಕಿ ನಂಬಿರುವವರು ಆರೂಕಾಲಿಗೆ ಓದುವ ಹುಡುಗನನ್ನು ಬಿಡಿ. ಮುಂಬಯಿಯಲ್ಲಿ ಮರಾಠಿ, ಹಿಂದಿ ರಾತ್ರಿ ಶಾಲೆಗಳು ಇನ್ನೂ ನಡೆಯುತ್ತಿವೆ. ಉಪನಗರದವರಿಗೆ ಸಂಜೆ ಬಿಡಲು ಆಗುವುದಿಲ್ಲ, ಒಪ್ಪಿದೆ. ನಿಮ್ಮ ಹುಡುಗರಿಗೆ ಮಧ್ಯಾಹ್ನದ ಆ ಎರಡೂವರೆ ಗಂಟೆ ಇದೆ. ಶಾಲೆಗೇ ಹೋಗಬೇಕು ಅಂತಿಲ್ಲ. 17 ನಂಬರ್ ಫಾರಂ ತುಂಬಿ ಹೊರಗಿನಿಂದ ಎಸ್ಸೆಸ್ಸಿ ಕಟ್ಟಬಹುದು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹಿಂದಿಯಲ್ಲೇ ಹತ್ತನೆಯದು ಬರೆಯಬಹುದು, ವಯಸ್ಸು ಜಾಸ್ತಿಯಾಯಿತು ಅಂತ ಅಲ್ಲಿ ಯಾರೂ ವಾಪಸ್ ಕಳಿಸುವುದಿಲ್ಲ. ಒಂದು ಬೀದಿಯ ನಾಲ್ಕು ಹೋಟೆಲಿನವರು ಸೇರಿದರೆ ಹತ್ತು ಹುಡುಗರಾಗುತ್ತಾರೆ. ಒಬ್ಬ ಮಾಸ್ತರಿಗೆ ಸಂಬಳ ಕೊಡಲು ನಾಲ್ವರಿಗೆ ಭಾರ ಅಲ್ಲ. ಜಾಗಕ್ಕೆ ನಮ್ಮ ಸಂಘಗಳ ಹಾಲುಗಳಿವೆ. ಶನಿವಾರ ಭಾನುವಾರ ಮದುವೆ, ಯಕ್ಷಗಾನ, ಸನ್ಮಾನ ಎಲ್ಲ ಸರಿ. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಆ ಹಾಲಿನಲ್ಲಿ ಏನು ನಡೆಯುತ್ತದೆ, ಹೇಳಿ? ಕುರ್ಚಿ ಪೇರಿಸಿ ಇಟ್ಟಿರುತ್ತಾರೆ.

"ಓದಿದರೆ ಹುಡುಗ ಬಿಟ್ಟು ಹೋಗುತ್ತಾನೆ" ಅಂತ ನಿಮ್ಮಲ್ಲಿ ಒಬ್ಬರು ನನಗೆ ಮುಖಕ್ಕೇ ಹೇಳಿದರು. ಹೌದು, ಹೋಗುತ್ತಾನೆ. ನಾನೂ ಹೋದೆ. ಕೆಲಸ ಬಿಟ್ಟ ದಿನ ನಮ್ಮ ಸೇಟು ಲೆಕ್ಕ ಚುಕ್ತಾ ಮಾಡಿ, ಒಡೆದ ಗ್ಲಾಸಿನ ದುಡ್ಡು ಪೈಸೆ ಬಿಡದೆ ಹಿಡಿದುಕೊಂಡರು. ಆಮೇಲೆ ತಮ್ಮ ಜೇಬಿನಿಂದ ಐವತ್ತು ರೂಪಾಯಿ ತೆಗೆದು, ಆಫೀಸಿಗೆ ಹೋಗಲು ಒಂದು ಚಪ್ಪಲಿ ತಗೋ ಅಂತ ಕೊಟ್ಟರು. ಮರುವಾರ ಅದೇ ಮೋರಿಗೆ ಊರಿನಿಂದ ಇನ್ನೊಬ್ಬ ಮಾಣಿ ಬಂದ. ಅವನೂ ಓದಿದ.

ನನ್ನ ಕಡೆಯಿಂದ ಇಷ್ಟು. ಮಳೆಗಾಲದಲ್ಲಿ ಮೂರು ತಿಂಗಳು ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿ ಇರುತ್ತೇನೆ. ಗಣಿತ, ಲೆಕ್ಕಪತ್ರ ಹೇಳಿಕೊಡಬಲ್ಲೆ. ನನ್ನ ಹಿಂದಿ ಕೇಳಿ ಹುಡುಗರು ನಗಬಹುದು, ನಗಲಿ. ಸೆಂಟ್ರಲ್ ಲೈನಿನಲ್ಲಿ ಕಲ್ಯಾಣದಿಂದ ವಿ.ಟಿ.ವರೆಗೆ ಯಾವ ಹೋಟೆಲಾದರೂ ಸರಿ, ಮಧ್ಯಾಹ್ನ ಮೂರು ಗಂಟೆಗೆ ಬಂದು ಬಿಡುತ್ತೇನೆ. ಆ ಹೊತ್ತಿಗೆ ಲೋಕಲ್ಲಿನಲ್ಲಿ ಕೂರಲು ಸೀಟೂ ಸಿಗುತ್ತದೆ. ಫೀಸು ಒಂದು ಕಟಿಂಗ್ ಚಾ, ಅಂದರೆ ಅರ್ಧ ಗ್ಲಾಸು. ಅದನ್ನು ಹುಡುಗ ತರುವುದು ಬೇಡ. ಕೌಂಟರಿಗೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ, ತುಳುಕುವುದಿಲ್ಲ.

ಇಂತಿ,
ಫೋರ್ಟಿನ ಒಬ್ಬ ಹಳೇ ಬಾಹರ್‌ವಾಲಾ
ಕುಂದಾಪುರ